ಉದ್ದ ಪದದ ಬಾಲ ಹಿಡಿಯಿರಿ: ‘ಟಿ-ಒ-ಎಂ’ ಪದಗಳನ್ನು ಬಿಡಿಸುವುದು ಹೇಗೆ?

ಆಸ್ಪತ್ರೆಯಿಂದ ಮರಳಿದ ಪಕ್ಕದ ಮನೆಯ ಅಜ್ಜಿ ಡಿಸ್ಚಾರ್ಜ್ ಹಾಳೆ ಹಿಡಿದು ನಮ್ಮ ಮನೆಗೆ ಬಂದಿದ್ದರು. ‘ಕೊಲಿಸಿಸ್ಟೆಕ್ಟಮಿ’ ಎಂಬ ಪದದ ಕೆಳಗೆ ಬೆರಳಿಟ್ಟು, ‘‘ನನಗೆ ಏನು ಮಾಡಿದ್ದಾರೆ ಎಂದು ಇದರಲ್ಲಿ ಬರೆದಿದೆಯಂತೆ, ಓದಿ ಹೇಳಮ್ಮ’’ ಎಂದರು. ತಮ್ಮ ಹೊಟ್ಟೆಯೊಳಗೆ ನಡೆದದ್ದನ್ನು ತಿಳಿಯಲು ಇನ್ನೊಬ್ಬರ ಮನೆಯ ಬಾಗಿಲು ತಟ್ಟಬೇಕಾದ ಸ್ಥಿತಿ ನನ್ನನ್ನು ತುಂಬ ಕಾಡಿತು. ಇಂಗ್ಲಿಷಿನಲ್ಲಿ 15 ಅಕ್ಷರಗಳಿರುವ ಈ ಪದ ನೋಡುವುದಕ್ಕೆ ಬೆಟ್ಟ. ಆದರೆ ಬಿಡಿಸುವ ಕ್ರಮ ಗೊತ್ತಾದರೆ ಹೈಸ್ಕೂಲು ಓದುವ ಮಕ್ಕಳೂ ಮನೆಯವರಿಗೆ ಅರ್ಥ ಹೇಳಬಲ್ಲರು.

ಮೊದಲು ಪದವನ್ನು ಬಲಗಡೆಯಿಂದ ನೋಡಿ. ಕೊನೆಯ ‘ವೈ’ ಅಕ್ಷರವನ್ನು ಬೆರಳಿನಿಂದ ಮುಚ್ಚಿ. ಟಿ, ಒ, ಎಂ ಈ ಮೂರು ಅಕ್ಷರಗಳು ಇದೇ ಕ್ರಮದಲ್ಲಿ ಸಿಕ್ಕವೇ? ಹಾಗಿದ್ದರೆ ಆ ಪದ ಗ್ರೀಕ್ ಮೂಲದ ಒಂದು ದೊಡ್ಡ ಬಳಗಕ್ಕೆ ಸೇರಿರುವ ಸಾಧ್ಯತೆ ಹೆಚ್ಚು. ಗ್ರೀಕ್ ಭಾಷೆಯಲ್ಲಿ ‘ಟೊಮೆ’ ಎಂದರೆ ಕೊಯ್ಯುವುದು, ‘ಟೊಮೋಸ್’ ಎಂದರೆ ಹೋಳು.

ಎರಡನೆಯ ಹೆಜ್ಜೆಯೇ ಮುಖ್ಯ, ಇಲ್ಲಿ ಅವಸರ ಬೇಡ. ಆ ಮೂರು ಅಕ್ಷರಗಳಿಗೆ ಎಡಗಡೆ ಅಂಟಿಕೊಂಡಿರುವುದು ಏನು ಎಂದು ನೋಡಬೇಕು. ಜಠರವನ್ನು ಸೂಚಿಸುವ ‘ಗ್ಯಾಸ್ಟ್ರೊ’ ಇರುವ ಮೂರು ಪದಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ‘ಗ್ಯಾಸ್ಟ್ರಾಟಮಿ’ಯಲ್ಲಿ ಟಿ-ಒ-ಎಂಗೆ ಮುಂಚೆ ಬರೀ ‘ಒ’ ಇದೆ. ಅಲ್ಲಿಗೆ ಜಠರವನ್ನು ಕೊಯ್ದು ತೆರೆದರು ಎಂದಷ್ಟೇ ಅರ್ಥ. ‘ಗ್ಯಾಸ್ಟ್ರೆಕ್ಟಮಿ’ಯಲ್ಲಿ ‘ಇ-ಸಿ’ ಬಂದಿದೆ. ಗ್ರೀಕಿನ ‘ಎಕ್’ ಎಂದರೆ ಹೊರಗೆ. ಹಾಗಾಗಿ ಜಠರವನ್ನು, ಇಲ್ಲವೇ ಅದರ ಒಂದು ಭಾಗವನ್ನು, ಕೊಯ್ದು ಹೊರತೆಗೆದಿದ್ದಾರೆ. ‘ಗ್ಯಾಸ್ಟ್ರಾಸ್ಟಮಿ’ಯಲ್ಲಿ ‘ಎಸ್’ ನುಸುಳಿದೆ. ಇದರ ಮೂಲವೇ ಬೇರೆ. ‘ಸ್ಟೋಮಾ’ ಎಂದರೆ ಬಾಯಿ. ನುಂಗಲಾರದ ರೋಗಿಗೆ ಕೊಳವೆಯಿಂದ ಆಹಾರ ಕೊಡಲೆಂದು ಹೊಟ್ಟೆಯ ಮೇಲಿನಿಂದ ಜಠರಕ್ಕೆ ಒಂದು ಬಾಯಿ ಮಾಡಿದ್ದಾರೆ ಎಂದು ತಿಳಿಯಬೇಕು. ಕೊಯ್ದು ತೆರೆಯುವುದು, ತೆಗೆದುಹಾಕುವುದು, ಬಾಯಿ ಮಾಡುವುದು ಮೂರೂ ಒಂದೇ ಅಲ್ಲ. ರೋಗಿಯ ಮುಂದಿನ ಬದುಕಿನ ಅಷ್ಟು ದೊಡ್ಡ ವ್ಯತ್ಯಾಸವನ್ನು ಒಂದೆರಡು ಅಕ್ಷರಗಳು ಹೊತ್ತಿರುತ್ತವೆ. ನಕಲು ಮಾಡಿಕೊಳ್ಳುವಾಗ ಒಂದು ಅಕ್ಷರವನ್ನೂ ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ಪದದ ತಲೆ. ಅಲ್ಲಿ ಅಂಗದ ಹೆಸರು ಇರುತ್ತದೆ. ‘ನೆಫ್ರ್’ ಎಂದರೆ ಮೂತ್ರಪಿಂಡ, ‘ಮಾಸ್ಟ್’ ಎಂದರೆ ಸ್ತನ, ‘ಕ್ರೇನಿ’ ಎಂದರೆ ತಲೆಬುರುಡೆ, ‘ಹಿಸ್ಟರ್’ ಎಂದರೆ ಗರ್ಭಕೋಶ. ರಕ್ತ ತೆಗೆಯುವ ಕೆಲಸಕ್ಕೆ ‘ಫ್ಲೆಬಾಟಮಿ’ ಎನ್ನುತ್ತಾರೆ, ‘ಫ್ಲೆಬ್’ ಎಂದರೆ ರಕ್ತನಾಳ. ಅಜ್ಜಿಯ ಹಾಳೆಯ ಪದಕ್ಕೆ ಎರಡು ತಲೆ: ‘ಕೊಲಿ’ ಎಂದರೆ ಪಿತ್ತ, ‘ಸಿಸ್ಟ್’ ಎಂದರೆ ಚೀಲ. ಪಿತ್ತದ ಚೀಲ! ನಮ್ಮ ‘ಪಿತ್ತಕೋಶ’ವೂ ಇದೇ ರೀತಿಯಲ್ಲಿ ಕಟ್ಟಿದ ಪದ. ಹಿಂದೆ ‘ಇ-ಸಿ’ ಇರುವುದರಿಂದ ಅದನ್ನು ತೆಗೆದುಹಾಕಿದ್ದಾರೆ. ಹೀಗೆ ಬಿಡಿಸಿ ತೋರಿಸಿದಾಗ ಅಜ್ಜಿ, ‘‘ಇಷ್ಟೇನಾ!’’ ಎಂದು ಹಾಳೆಯನ್ನು ಮಡಿಸಿಟ್ಟುಕೊಂಡರು.

ಈ ಬಳಗ ಆಸ್ಪತ್ರೆಯ ಹೊರಗೂ ಹಬ್ಬಿದೆ. ‘ಆಟಮ್’ ಎಂದರೆ ಕತ್ತರಿಸಲಾಗದ್ದು, ಮೊದಲ ‘ಎ’ ಅಕ್ಷರ ಅಲ್ಲಗಳೆಯುತ್ತದೆ. 1938ರಲ್ಲಿ ಜರ್ಮನ್ ವಿಜ್ಞಾನಿಗಳಾದ ಹಾನ್ ಮತ್ತು ಸ್ಟ್ರಾಸ್‌ಮನ್ ನಡೆಸಿದ ಪ್ರಯೋಗಗಳು ಯುರೇನಿಯಂ ಪರಮಾಣುವಿನ ಬೀಜ ಒಡೆಯುತ್ತದೆ ಎಂದು ತೋರಿಸಿದ ಮೇಲೂ ಹೆಸರು ಹಾಗೆಯೇ ಉಳಿಯಿತು. ಕೀಟಗಳ ಮೈ ತುಂಡುತುಂಡಾಗಿ ಕಾಣುವುದರಿಂದ ಗ್ರೀಕರು ಅವನ್ನು ‘ಎಂಟೊಮ’ ಎಂದರು, ಕೀಟಶಾಸ್ತ್ರ ‘ಎಂಟಮಾಲಜಿ’ ಆಯಿತು. ದಪ್ಪ ಪುಸ್ತಕಕ್ಕೆ ‘ಟೋಮ್’ ಎನ್ನುವುದನ್ನು ನೋಡಿದಾಗಲೆಲ್ಲ ನನಗೆ ನಮ್ಮ ‘ಖಂಡ’ ಪದ ನೆನಪಾಗುತ್ತದೆ. ಅದೂ ತುಂಡೇ, ಗ್ರಂಥದ ಭಾಗವೂ ಹೌದು. ದೇಹರಚನೆಯ ಅಧ್ಯಯನಕ್ಕೆ ಮಾತ್ರ ಎರಡೂ ಭಾಷೆಗಳ ಕಣ್ಣು ಬೇರೆ. ‘ಅನಾಟಮಿ’ ಕೊಯ್ಯುವುದನ್ನು ಹೇಳಿದರೆ, ‘ಅಂಗರಚನಾಶಾಸ್ತ್ರ’ ಕಟ್ಟಿರುವ ಬಗೆಯನ್ನು ಹೇಳುತ್ತದೆ.

ಎಲ್ಲರ ಬಾಯಲ್ಲಿರುವ ‘ಸಿಟಿ ಸ್ಕ್ಯಾನ್’ನ ‘ಟಿ’ ಕೂಡ ಇದೇ. ಅದರ ಪೂರ್ತಿ ಹೆಸರು ‘ಕಂಪ್ಯೂಟೆಡ್ ಟೊಮೋಗ್ರಫಿ’. ‘ಗ್ರಫಿ’ ಎಂದರೆ ಬರೆಯುವುದು, ಚಿತ್ರಿಸುವುದು. ದೇಹವನ್ನು ಕೊಯ್ಯದೆ ಹೋಳುಹೋಳಾಗಿ ಚಿತ್ರ ತೆಗೆಯುವ ವಿಧಾನ ಅದು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳನ್ನು ಹೀಗೆ ನೋಡಿದರು. ಯಂತ್ರವನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ಭೌತವಿಜ್ಞಾನಿ ಕಾರ್ಮ್ಯಾಕ್ ಅವರೊಂದಿಗೆ ನೊಬೆಲ್ ಬಂತು.

ಟಿ-ಒ-ಎಂ ಕಂಡಲ್ಲೆಲ್ಲ ಕತ್ತರಿ ಹಿಡಿಯಬೇಡಿ. ‘ಟೊಮ್ಯಾಟೊ’ ಮೆಕ್ಸಿಕೋದ ನಹುವಾಟಲ್ ಭಾಷೆಯಿಂದ ಬಂದದ್ದು. ರೋಗಲಕ್ಷಣ ಎಂಬ ಅರ್ಥದ ‘ಸಿಂಪ್ಟಮ್’ ಗ್ರೀಕ್ ಮೂಲದ್ದೇ ಆದರೂ ಅಲ್ಲಿರುವುದು ಬೀಳುವುದು ಎಂಬ ಅರ್ಥದ ಧಾತು. ‘ಕಸ್ಟಮರ್’, ‘ಬಾಟಮ್’, ‘ಟುಮಾರೊ’ ಕೂಡ ಹೊರಗಿನವು. ಟಿ-ಒ-ಎಂ-ವೈ ಎಂದು ಮುಗಿದು, ತಲೆಯಲ್ಲಿ ಅಂಗದ ಹೆಸರಿದ್ದರೆ ಮಾತ್ರ ಈ ಕ್ರಮವನ್ನು ನಂಬಿ.

ಕಲಿತದ್ದನ್ನು ಒಂದು ಗಟ್ಟಿ ಪದದ ಮೇಲೆ ಪ್ರಯೋಗಿಸೋಣ: 20 ಅಕ್ಷರಗಳ ‘ಸಾಲ್ಪಿಂಗೊ-ಊಫೊರೆಕ್ಟಮಿ’. ಬಾಲದಲ್ಲಿ ‘ಇ-ಸಿ’ ಇದೆ, ಅಂದರೆ ತೆಗೆದುಹಾಕುವುದು. ‘ಸಾಲ್ಪಿಂಕ್ಸ್’ ಎಂದರೆ ಕಹಳೆ, ಆ ಆಕಾರದ ಅಂಡನಾಳಕ್ಕೆ ಬಂದ ಹೆಸರು. ಮಧ್ಯದ ‘ಒ-ಒ’ ಎಂದರೆ ಮೊಟ್ಟೆ, ‘ಫೊರ್’ ಎಂದರೆ ಹೊರುವುದು. ಅಂಡವನ್ನು ಹೊತ್ತದ್ದು ಅಂಡಾಶಯ. ಒಟ್ಟಿನಲ್ಲಿ ನಾಳ ಮತ್ತು ಅಂಡಾಶಯ ಎರಡನ್ನೂ ತೆಗೆಯುವ ಶಸ್ತ್ರಚಿಕಿತ್ಸೆ.

ಮನೆಯ ಹೆಣ್ಣುಮಕ್ಕಳಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಎಂದಾಗ ಒಪ್ಪಿಗೆ ಪತ್ರದಲ್ಲಿ ಈ ಅಕ್ಷರಗಳನ್ನು ಹುಡುಕಿ. ‘ಹಿಸ್ಟರೆಕ್ಟಮಿ’ ಒಂದೇ ಇದ್ದರೆ ಆ ಪದ ಹೇಳುವುದು ಗರ್ಭಕೋಶವನ್ನು ಮಾತ್ರ. ಪಕ್ಕದಲ್ಲಿ ‘ಊಫೊರೆಕ್ಟಮಿ’ಯೂ ಇದ್ದರೆ ಅಂಡಾಶಯವೂ ಹೋಗುತ್ತದೆ. ‘ಯೂನಿಲ್ಯಾಟರಲ್’ ಎಂದಿದ್ದರೆ ಒಂದು ಕಡೆಯದು, ‘ಬೈಲ್ಯಾಟರಲ್’ ಎಂದಿದ್ದರೆ ಎರಡೂ ಕಡೆಯದು. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯಗಳು ಹೋದರೆ ಹಾರ್ಮೋನುಗಳು ಒಮ್ಮೆಲೇ ಇಳಿಯುತ್ತವೆ. ಎರಡನ್ನೂ ತೆಗೆಯುವುದು ಏಕೆ ಅಗತ್ಯ ಎಂದು ವೈದ್ಯರನ್ನು ಕೇಳಿ, ಉತ್ತರ ಅರ್ಥವಾದ ಮೇಲೆ ಸಹಿ ಹಾಕಿ.