ಕಿವಿ ಮಂದವಾದ ರೋಗಿ, ತಿರುಗಿಸಿ ಹಿಡಿದ ಸ್ಟೆತೊಸ್ಕೋಪ್: ನನ್ನ ಅನುಭವ

ಪುರುಷರ ಮೆಡಿಕಲ್ ವಾರ್ಡಿನಲ್ಲಿ ಕಿವಿ ಮಂದವಾದ ವೃದ್ಧರಿಗೆ ಔಷಧದ ವಿವರ ತಿಳಿಸಲು ನಾನು ರೂಢಿಸಿಕೊಂಡ ಕ್ರಮವನ್ನು ಕಂಡು, "ಒಬ್ಬರ ಹತ್ತಿರವೇ ಇಷ್ಟು ಹೊತ್ತು ಕೂತರೆ ಉಳಿದ ಬೆಡ್ಡುಗಳ ಗತಿಯೇನು ಸಿಸ್ಟರ್?" ಎಂದು ಆಕ್ಷೇಪಿಸಿದವರೇ ಈಗ ತಮ್ಮ ಪಾಳಿಯಲ್ಲಿ ಅದನ್ನು ಅನುಸರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕೂಗಿ ಹೇಳುವುದರಿಂದ ಪ್ರಯೋಜನವಿಲ್ಲ. ವಯಸ್ಸಿನಿಂದ ಕಿವಿ ಮಂದವಾದವರಿಗೆ ಸ, ಶ, ತ, ಚ ಮುಂತಾದ ವ್ಯಂಜನಗಳೇ ಮೊದಲು ಕೇಳಿಸದಾಗುತ್ತವೆ. ಕೂಗಿದರೆ ಸ್ವರಗಳು ಮಾತ್ರ ಜೋರಾಗಿ, ಮಾತು ಇನ್ನಷ್ಟು ಕಲಸಿಹೋಗುತ್ತದೆ. ಬರೆದು ತೋರಿಸೋಣವೆಂದರೆ ಹಲವರಿಗೆ ಓದು ಬಾರದು, ಬಲ್ಲವರ ಕನ್ನಡಕ ಮನೆಯಲ್ಲಿರುತ್ತದೆ. ತುಟಿ ಕಾಣಲೆಂದು ತಲಾ ಸುಮಾರು 150 ರೂಪಾಯಿ ಕೈಯಿಂದ ಹಾಕಿ ತರಿಸಿದ ಪಾರದರ್ಶಕ ಮಾಸ್ಕುಗಳು ಸ್ವಲ್ಪ ಹೊತ್ತಿನಲ್ಲೇ ಉಸಿರಿನ ಆವಿಯಿಂದ ಮಸುಕಾದವು. ಮಾತನ್ನು ಅಕ್ಷರಕ್ಕಿಳಿಸುವ ಮೊಬೈಲ್ ಆ್ಯಪ್ ಫ್ಯಾನಿನ ಸದ್ದಿನಲ್ಲಿ ಮಾತ್ರೆಗಳ ಹೆಸರನ್ನೇ ಕೆಡಿಸಿತು. ಔಷಧದ ವಿಷಯದಲ್ಲಿ ಅದನ್ನು ನಂಬುವಂತಿರಲಿಲ್ಲ.

ಕೊನೆಗೆ ಕೈಹಿಡಿದದ್ದು ಸ್ಟೆತೊಸ್ಕೋಪ್. ಇದಕ್ಕೆಂದೇ ಐನೂರು ರೂಪಾಯಿಯ ಆಸುಪಾಸಿನದೊಂದನ್ನು ಬೇರೆ ಇಟ್ಟಿದ್ದೇನೆ. ಫ್ಯಾನ್ ಆರಿಸಿ, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕುಳಿತು, ಇಯರ್‌ಪೀಸ್‌ಗಳನ್ನು ಸ್ಪಿರಿಟ್ಟಿನಿಂದ ಒರೆಸಿ ರೋಗಿಯ ಕಿವಿಗೆ ಹಾಕಿ, ಎದೆಗೆ ಒತ್ತಿ ಹಿಡಿಯುವ ದುಂಡನೆಯ ಬಿಲ್ಲೆಯ (ಡಯಾಫ್ರಮ್ಮಿನ) ಬಳಿ ಮೆಲುದನಿಯಲ್ಲಿ ಮಾತನಾಡುತ್ತೇನೆ. ದನಿ ಏರಿಸಿದರೆ ಕಿವಿಗೆ ನೋವಾದೀತು.

ಇನ್ಸುಲಿನ್ ಶುರುವಾಗಿದ್ದ ಯಜಮಾನರೊಬ್ಬರು ಎರಡು ದಿನ ಎಲ್ಲದಕ್ಕೂ "ಹೂಂ ತಾಯಿ" ಎಂದು ತಲೆಯಾಡಿಸಿದ್ದರು. ಸ್ಟೆತೊಸ್ಕೋಪ್ ಹಾಕಿ, "ಯಜಮಾನ್ರೆ, ಸೂಜಿ ಯಾವಾಗ ಹಾಕಿಕೊಳ್ಳುತ್ತೀರಿ, ನೀವೇ ಹೇಳಿ" ಎಂದಾಗ, "ಉಂಡಾದ ಮೇಲೆ" ಎಂದರು. ಅವರಿಗೆ ಬರೆದಿದ್ದ ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮೊದಲು ಹೋಗಬೇಕು! ಮತ್ತೆ ವಿವರಿಸಿ, ಯೂನಿಟ್‌ಗಳ ಲೆಕ್ಕವನ್ನು ಸಿರಿಂಜಿನ ಗೆರೆಯ ಮೇಲೆ ಅವರ ಬೆರಳಿಡಿಸಿ ತೋರಿಸಿದ ಮೇಲೆ ತಪ್ಪಿಲ್ಲದೆ ಒಪ್ಪಿಸಿದರು. ತಲೆಯಾಡಿಸುವವರನ್ನು ಬಾಯಿಬಿಡಿಸಲು ಪ್ರಶ್ನೆಗಳನ್ನು ಯಾವ ಅನುಕ್ರಮದಲ್ಲಿ ಕೇಳಬೇಕೆಂಬುದು ನನ್ನ ಕೈಗುಣದ ಮಾತು; ಅದನ್ನು ಜೊತೆಯಲ್ಲಿ ಡ್ಯೂಟಿ ಮಾಡುವವರಿಗಷ್ಟೇ ಕಲಿಸುತ್ತೇನೆ. ಒಬ್ಬ ರೋಗಿಗೆ ಏಳೆಂಟು ನಿಮಿಷ ಹಿಡಿಯುತ್ತದೆ, ಆದರೆ ಅದೇ ಪ್ರಶ್ನೆಗೆ ದಿನವಿಡೀ ಉತ್ತರಿಸುವುದು ತಪ್ಪುತ್ತದೆ.

ಸುಮಾರು 900 ರೂಪಾಯಿಯ ಪಾಕೆಟ್ ಶ್ರವಣ ಸಾಧನವನ್ನೂ ಪ್ರಯತ್ನಿಸಿದೆ. ಅದು ವಾರ್ಡಿನ ಗದ್ದಲವನ್ನೂ ಹಿಗ್ಗಿಸುವುದರಿಂದ ರಾತ್ರಿ ಪಾಳಿಯಲ್ಲಿ ಮಾತ್ರ ಉಪಯುಕ್ತ. ಅಮಿಕಾಸಿನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ನಡೆಯುತ್ತಿರುವವರನ್ನು ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ ಎಂದು ಪಾಳಿಗೊಮ್ಮೆ ಕೇಳಿ ಕೇಸ್‌ಶೀಟಿನಲ್ಲಿ ಬರೆಯುವ ರೂಢಿಯೂ ಇದರ ಜೊತೆಗೇ ಬೆಳೆಯಿತು, ಏಕೆಂದರೆ ಆ ಔಷಧದಿಂದ ಹೋದ ಶ್ರವಣ ಸಾಮಾನ್ಯವಾಗಿ ಮರಳುವುದಿಲ್ಲ.

ಡಿಸ್ಚಾರ್ಜಿಗೆ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿದಾಗ ಕೆಲವರಿಗೆ ಗುಗ್ಗೆ ತೆಗೆದದ್ದೇ ಸಾಕಾಯಿತು. ಉಳಿದವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳುಹಿಸುವಾಗ, ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಅರ್ಹರಿಗೆ ಶ್ರವಣ ಸಾಧನ ಉಚಿತವಾಗಿ ಸಿಗುವುದರಿಂದ, ಆದಾಯ ಪ್ರಮಾಣಪತ್ರವನ್ನು ಜೊತೆಗೊಯ್ಯುವಂತೆ ಮಗನಿಗೋ ಸೊಸೆಗೋ ಹೇಳಿ ಚೀಟಿಯಲ್ಲಿ ಬರೆದು ಕೊಡುತ್ತೇನೆ.