ದಂಡದ ಕಲಂ ಕಿತ್ತ ಮ್ಯಾಲ ಲ್ಯಾಬ್‌ನವ್ರು ಕ್ಯಾನ್ಸರ್ ಡೇಟಾ ಕೊಟ್ರು: ನನ್ನ ಅನುಭವ

ನಾನು ಕ್ಯಾನ್ಸರ್ ರಿಜಿಸ್ಟ್ರಿ, ಅಂದ್ರ ನಮ್ಮ ಭಾಗದಾಗ ಯಾರಿಗೆ ಎಂಥ ಕ್ಯಾನ್ಸರ್ ಬಂತು ಅನ್ನೋ ದಾಖಲೆ ಇಡೋ ಕೆಲಸ ಮಾಡ್ತೀನಿ. ಖಾಸಗಿ ಲ್ಯಾಬ್‌ನವ್ರು ಜಲ್ಮದಾಗ ಡೇಟಾ ಕೊಡಲ್ಲ, ದಂಡ ಬಿದ್ರಷ್ಟೇ ಬಗ್ಗತಾರ ಅಂತ ನಮಗ ಹೇಳಿದವ್ರು ಒಬ್ರಲ್ಲ ಇಬ್ರಲ್ಲ, ಅದ್ರಾಗ ನಮ್ಮ ಆಸ್ಪತ್ರಿ ಸೀನಿಯರ್‌ಗಳೂ ಇದ್ರು. ಈಗ ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡೆ ಕೂಡಿ ಹದಿನೈದ್-ಇಪ್ಪತ್ತು ಲ್ಯಾಬ್ ತಿಂಗಳಾ ತಿಂಗಳಾ ಕೇಸ್ ಕಳಸ್ಲಾಕತ್ತಾವ, ಫೋನ್ ಮಾಡಿ ಕೇಳೋದೂ ಬೇಕಾಗಿಲ್ಲ. ಒಂದು ಪೈಸಾ ದಂಡ ಹಾಕಿಲ್ಲ. ಉಲ್ಟಾ, ಸುತ್ತೋಲೆಯಾಗ ಇದ್ದ, ಕೊಡದಿದ್ರ ದಂಡ ಅನ್ನೋ ಕಲಂ ನಾನೇ ಕಿತ್ತು ಹಾಕ್ಸಿದ್ದು. ರಿಜಿಸ್ಟ್ರಿ ಕೆಲಸ ಮಾಡೋರಿಗೆ ಉಪಯೋಗ ಆಗ್ತದ ಅಂತ ಬರೀಲಾಕತ್ತೀನಿ, ಕೋಡಿಂಗು, ಐಸಿಡಿ-ಓ (ಕ್ಯಾನ್ಸರ್ ಬಗಿಗೆ ಕೊಡೋ ಕೋಡ್), ಡೂಪ್ಲಿಕೇಟ್ ಚೆಕ್ ಇವೆಲ್ಲ ನಿಮಗ ಗೊತ್ತೇ ಅದ, ಅದನ್ನ ಬಿಡ್ತೀನಿ.

ಮೊದಲು ಏನ್ ಮಾಡ್ತಿದ್ವಿ ಅಂದ್ರ, ನಮ್ಮ ರಾಜ್ಯದಾಗ ಕ್ಯಾನ್ಸರ್ ನೋಟಿಫೈಯಬಲ್, ಅಂದ್ರ ಕೇಸ್ ಕಂಡ್ರ ಸರ್ಕಾರಕ್ಕ ತಿಳಿಸಲೇಬೇಕಾದ ರೋಗ ಅದ ಅಲ್ಲೇನ್ರಿ, ಆ ಆದೇಶದ ಝೆರಾಕ್ಸ್ ಹಚ್ಚಿ, ಮ್ಯಾಲೊಂದು ಖಡಕ್ ಕವರಿಂಗ್ ಲೆಟರ್ ಬರ್ದು, ರಿಜಿಸ್ಟರ್ಡ್ ಪೋಸ್ಟ್ ಹಾಕ್ತಿದ್ವಿ. ಉತ್ತರ ಬಂದದ್ದು ಎರಡೋ ಮೂರೋ ಕಡಿಂದ, ಅವೂ "ನಮ್ಮಲ್ಲಿ ಕೇಸ್ ನಿಲ್" ಅಂತ. ಸ್ಲೈಡ್ ದಿನಾ ಓದೋ ಲ್ಯಾಬ್ ಅದು, ನಿಲ್ ಅಂತ! ಮತ್ತೊಬ್ರು ಒಂದು ಕೇಸಿಗೆ ಇಪ್ಪತ್ತು ರೂಪಾಯಿ ಕೊಡ್ರಿ ಅಂದ್ರು. ಕೊಟ್ಟೂ ನೋಡಿದ್ವಿ. ನಾಲ್ಕೈದು ಸಾವಿರ ಹೋತು, ಬಂದದ್ದು ಹೆಸರು ಮತ್ತ "ಸಿಎ ಬ್ರೆಸ್ಟ್" (ಸ್ತನ ಕ್ಯಾನ್ಸರ್) ಅಷ್ಟೇ, ವಯಸ್ಸಿಲ್ಲ, ಊರಿಲ್ಲ, ತಾರೀಖಿಲ್ಲ. ಅದನ್ನ ತಗೊಂಡು ಏನ್ ಮಾಡ್ಲಿ.

ಆಮ್ಯಾಲ 2023ರ ಡಿಪಿಡಿಪಿ ಆಕ್ಟ್, ಅಂದ್ರ ಜನರ ವೈಯಕ್ತಿಕ ಡಿಜಿಟಲ್ ಮಾಹಿತಿ ಕಾಪಾಡೋ ಕಾನೂನು ಬಂತು. ಲ್ಯಾಬ್ ಓನರ್‌ಗಳ ವಾಟ್ಸಾಪ್ ಗ್ರೂಪ್‌ನಾಗ "250 ಕೋಟಿ ದಂಡ" ಅನ್ನೋ ಫಾರ್ವರ್ಡ್ ತಿರುಗಾಡ್ತು, ಕೊಡೋ ಒಂದಿಬ್ರೂ ಬಂದ್ ಮಾಡಿದ್ರು. ಆ 250 ಕೋಟಿ ಖರೇನೇ ಅದ, ಆದ್ರ ಅದು ಡೇಟಾ ಭದ್ರವಾಗಿ ಇಡದವ್ರಿಗೆ ಇರೋ ಗರಿಷ್ಠ ಮಿತಿ. ಇದನ್ನ ಕುಂದ್ರಿಸಿ ಹೇಳಿದ್ರೂ ಯಾರು ಕೇಳ್ತಾರ? ಒಬ್ಬ ಪ್ಯಾಥಾಲಜಿಸ್ಟ್ ಮಾತ್ರ ನೇರವಾಗಿ ಒಂದು ಪ್ರಶ್ನೆ ಕೇಳಿದ್ರು: "ನೀವು ಸರ್ಕಾರ ಏನ್ರಿ? ನಿಮಗ್ಯಾಕ ಪೇಷಂಟ್ ಹೆಸರು ಕೊಡ್ಲಿ?"

ಅಲ್ಲೇ ಗಂಟು ಬಿಚ್ಚಿತು ನೋಡ್ರಿ. ನಮ್ಮದು ಖಾಸಗಿ ಆಸ್ಪತ್ರಿ ರಿಜಿಸ್ಟ್ರಿ. ಆಕ್ಟಿನ 7ನೇ ಕಲಂನಾಗ, ಕಾನೂನಿನ ಪ್ರಕಾರ ಸರ್ಕಾರಕ್ಕ ಮಾಹಿತಿ ಕೊಡಬೇಕಾಗಿದ್ರ ಪೇಷಂಟ್ ಒಪ್ಪಿಗೆ ಬೇಕಾಗಿಲ್ಲ ಅಂತ ಅದ, ಆದ್ರ ಸರ್ಕಾರಕ್ಕ ಅಂತ ಅದ, ನಮ್ಮಂಥವ್ರಿಗೆ ಅಂತ ಇಲ್ಲ. ಹಂಗೇ ಡಾಕ್ಟರ್‌ಗಳ 2002ರ ನಡತೆ ನಿಯಮ, 7.14, ಪೇಷಂಟ್ ಗುಟ್ಟು ಹೊರಗ ಹೇಳಬಾರದು ಅಂತದ, ಅದಕ್ಕ ಬಿಟ್ಟಿರೋ ದಾರಿ ಮೂರೇ: ಕೋರ್ಟ್ ಆದೇಶ, ಯಾರಿಗೋ ಗಂಭೀರ ಅಪಾಯ, ಮತ್ತ ನೋಟಿಫೈಯಬಲ್ ರೋಗ. 2023ರಾಗ ಹೊಸ ನಿಯಮ ಬಂದು ತಡೆ ಬಿತ್ತು, ಹಂಗಾಗಿ ಹಳೇದೇ ಚಾಲ್ತಿಯಾಗದ. ಅಂದ್ರ ಲ್ಯಾಬ್‌ನವ್ರಿಗೆ ಕೊಡ್ಲಾಕ ಕಾನೂನಿನಾಗ ಬಾಗಿಲು ತೆರದೇ ಅದ, ಆದ್ರ ಆ ಬಾಗಿಲು ಜಿಲ್ಲಾ ಆರೋಗ್ಯ ಕಚೇರಿದು, ನಾವು ಇಷ್ಟು ದಿನ ಪಕ್ಕದ ಗ್ವಾಡಿ ಬಡೀತಿದ್ವಿ.

ಹಂಗಾಗಿ ಸುತ್ತೋಲೆ ಹೊಸದಾಗಿ ಬರ್ದು ಜಿಲ್ಲಾ ಆರೋಗ್ಯ ಕಚೇರಿಗೆ ತಗೊಂಡು ಹೋದೆ. ಕೇಸ್ ಹೋಗೋದು ಜಿಲ್ಲಾ ಆರೋಗ್ಯ ಕಚೇರಿಗೆ, ನಾವು ಅವರ ಪರವಾಗಿ ಎಂಟ್ರಿ ಮಾಡೋರು ಅಷ್ಟೇ, ಅಂತ ಒಂದು. ತಗೊಳ್ಳೋದು ಹೆಸರು ಸಹಿತ, ಹೊರಗ ಕೊಡೋದು ಹೆಸರಿಲ್ದೆ, ಅಂತ ಇನ್ನೊಂದು. ಮೂರನೇದು ಮುಖ್ಯ: ಈ ಫಾರ್ಮ್ ಪ್ರಕಾರ ನಂಬಿ ಕೊಟ್ಟ ಲ್ಯಾಬ್ ಮ್ಯಾಲ ಗುಟ್ಟು ಬಿಚ್ಚಿದ ಆರೋಪ ಬರಲ್ಲ, ಸೋರಿದ್ರ ಜವಾಬ್ದಾರಿ ರಿಜಿಸ್ಟ್ರಿದು. ಇಷ್ಟು ಹಾಕಿ ದಂಡದ ಕಲಂ ತೆಗೆದೆ. "ಹಲ್ಲಿಲ್ಲದ ಆದೇಶ, ಯಾರ್ ಕ್ಯಾರೆ ಅಂತಾರ" ಅಂದ್ರು ಎಲ್ಲಾರೂ. ಜಪಾನ್‌ದವ್ರು 2013ರಾಗ ಕ್ಯಾನ್ಸರ್ ರಿಜಿಸ್ಟ್ರಿ ಕಾನೂನು ಮಾಡಿ 2016ರಿಂದ ಆಸ್ಪತ್ರಿಗೆಲ್ಲ ಕಡ್ಡಾಯ ಮಾಡಿದ್ರು, ಅದ್ರಾಗ ಶಿಕ್ಷೆ ಅಂತ ಇರೋದು ಡೇಟಾ ಸೋರಿಸಿದವ್ರಿಗೆ, ಅದನ್ನೇ ಹೇಳಿ ಒಪ್ಪಿಸಿದೆ. ಸಹಿ ಆಗ್ಲಾಕ ಸುಮಾರು ಆರು ತಿಂಗಳು ಹಿಡೀತು, ಫೈಲ್ ಎಲ್ಲಿ ಕುಂತಿತ್ತು ಅಂತ ಬರದ್ರ ಅದೇ ಒಂದು ಪುರಾಣ ಆಗ್ತದ. ಸಹಿ ಆದ ಮೊದಲ ಎರಡ್ಮೂರು ತಿಂಗಳದಾಗ ಅರ್ಧ ಲ್ಯಾಬ್ ಬಂದ್ವು, ಉಳದವು ಅವ್ರನ್ನ ನೋಡಿ ಬಂದ್ವು. ಯಾರನ್ನ ಮೊದಲು ಹಿಡೀಬೇಕು ಅನ್ನೋದ್ರಾಗ ಒಂದು ಯುಕ್ತಿ ಅದ, ಅದು ನನ್ನ ಹತ್ರನೇ ಇರ್ಲಿ. ಲ್ಯಾಬ್ ಪಟ್ಟಿ ಮಾತ್ರ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯಿಂದ ತಗೋರಿ, ಗೂಗಲ್ ಮ್ಯಾಪ್ ನಂಬಬ್ಯಾಡ್ರಿ.

ಖರ್ಚು: ವಕೀಲ್ರಿಗೆ ಹದಿನೈದು ಸಾವಿರ, ಪೆಟ್ರೋಲ್ ಮತ್ತ ಬಸ್ ಕೂಡಿ ಇಪ್ಪತ್ತರ ಹತ್ರ, ಕನ್ನಡ-ಇಂಗ್ಲಿಷ್ ಒಂದೇ ಹಾಳಿ ಫಾರ್ಮ್ ಪ್ರಿಂಟಿಗೆ ಮೂರು ಚಿಲ್ಲರೆ. ಫಾರ್ಮ್ ಮೊದಲು ನಾಲ್ಕು ಪುಟ ಇತ್ತು, ಯಾರೂ ತುಂಬ್ಲಿಲ್ಲ, ಒಂದು ಪುಟಕ್ಕ ಇಳಿಸಿದ್ವಿ. ಒಬ್ಬೇ ಪೇಷಂಟ್ ಎರಡು ಲ್ಯಾಬ್‌ನಿಂದ ಬಂದ್ರ ಹೆಸರು ಹೊಂದಸೋ ಸಾಫ್ಟ್‌ವೇರ್ ಮಾಡಿ ಕೊಡ್ತೀನಿ ಅಂತ ಒಬ್ಬಾತ ಬಂದು ನಾಲ್ಕು ಲಕ್ಷ ಕೇಳ್ದ. ನಮಸ್ಕಾರ ಹೇಳಿ ಕಳಿಸಿ ಎಕ್ಸೆಲ್‌ನಾಗ ನಾನೇ ಮಾಡ್ದೆ. ನಮ್ಮ ಕಡೆ ಹೆಸರು ನಿಮಗ ಗೊತ್ತಲ್ಲ, ಶರಣಪ್ಪ ಒಂದ್ ಕಡೆ ಶರ್ನಪ್ಪ, ಇನ್ನೊಂದ್ ಕಡೆ ಬರೇ ಶರಣು, ಬೀದರ ಕಡೆ ಹೆಣ್ಮಕ್ಕಳ ಹೆಸರಿಗೆ "ಬಾಯಿ" ಹತ್ತತದ, ಉರ್ದು ಹೆಸರು ಮೂರ್ ಲ್ಯಾಬ್‌ನಾಗ ಮೂರ್ ಸ್ಪೆಲಿಂಗ್. ನಾನು ಸ್ವರ ಎಲ್ಲಾ ತೆಗೆದು, ಹುಟ್ಟಿದ ವರ್ಷ ಮತ್ತ ಇನ್ನೊಂದು ಐಟಂ ಕೂಡ್ಸಿ ಒಂದು ಕೀ ಮಾಡೀನಿ. ಆ ಇನ್ನೊಂದು ಐಟಂ ಏನು ಅಂತ ಬರಿಯಲ್ಲ. ನೂರಕ್ಕ ತೊಂಬತ್ತರ ಮ್ಯಾಲ ಜೋಡಿ ಸರಿಯಾಗಿ ಹಿಡೀತದ ಅನ್ನೋದಂತೂ ಖರೆ.

ವಿಳಾಸದ ಗೋಳು ಬ್ಯಾರೇನೇ. ಯಾದಗಿರಿ ಜಿಲ್ಲೆ ಆಗಿ ಹದಿನೈದು ವರ್ಷ ದಾಟಿದ್ರೂ ಶಹಾಪುರ, ಸುರಪುರದವ್ರ ಹಳೇ ಕಾರ್ಡಿನಾಗ ಇನ್ನೂ ಗುಲ್ಬರ್ಗಾ ಅಂತ ಅದ. ಕಮಲಾಪುರ ಕಲಬುರಗಿದು, ಕಮಲನಗರ ಬೀದರದ್ದು, ಟೈಪ್ ಮಾಡೋ ಹುಡುಗ್ರಿಗೆ ಎರಡೂ ಒಂದೇ. ಒಂದು ವರ್ಷದಿಂದ ಇಲ್ಲೇ ಇರೋ ಜನ ಮಾತ್ರ ಲೆಕ್ಕಕ್ಕ, ಅದನ್ನ ಕೇಳೋ ಖಾನಾ ಫಾರ್ಮಿನಾಗ ಇರ್ಲೇಬೇಕು, ಇಲ್ಲಾಂದ್ರ ಪುಣೆ, ಮುಂಬೈಗೆ ದುಡೀಲಾಕ ಹೋದವ್ರೆಲ್ಲ ನಮ್ಮ ಲೆಕ್ಕದಾಗೇ ಬರ್ತಾರ.

ನಡುವ ಒಂದೆರಡು ಪ್ರಯೋಗನೂ ಮಾಡ್ದೆ. ಮರಣ ನೋಂದಣಿ ಕಾಯ್ದೆ 2023ರಾಗ ತಿದ್ದುಪಡಿ ಆಗಿ, ಆಸ್ಪತ್ರಿಯಾಗ ಸತ್ರ ಕಾರಣದ ಸರ್ಟಿಫಿಕೇಟ್ ಪುಕ್ಕಟ ಕೊಡಲೇಬೇಕು ಅಂತಾತಲ್ಲ, ಅಲ್ಲಿಂದ ಬಿಟ್ಟ ಕೇಸ್ ಸಿಗ್ತಾವ ಅಂತ ಆಸೆ ಇತ್ತು. ಕುಂತು ನೋಡಿದ್ರ ಪುಟಗಟ್ಲೆ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್". ಯಾರ್ ಸತ್ರೂ ಹೃದಯ ನಿಂತೇ ಸಾಯ್ತಾರ್ರಿ, ಅದನ್ನ ಬರೀಲಾಕ ಡಾಕ್ಟರ್ ಯಾಕ ಬೇಕು! ಆಶಾ ಕಾರ್ಯಕರ್ತೆಯರ ಕಡಿಂದ ಒಂದೆರಡು ಹೋಬಳಿದಾಗ ಲಿಸ್ಟ್ ತರ್ಸಿದೆ, ಪಾಪ ಬಾಳ ಶ್ರದ್ಧೆಯಿಂದ ಮಾಡಿದ್ರು, ಆದ್ರ ಟಿಬಿ ಗಡ್ಡಿ, ಥೈರಾಯ್ಡ್, ಕೊಬ್ಬಿನ ಗಂಟು ಎಲ್ಲಾ ಬಂದು ಬಿತ್ತು. ಅದ್ರಾಗೂ ಬಾಯಿ ಕ್ಯಾನ್ಸರಿನ ಒಂದಷ್ಟು ಕೇಸ್ ಲ್ಯಾಬ್‌ನಾಗ ಇಲ್ಲದ್ದು ಸಿಕ್ವು, ಹಂಗಾಗಿ ಪೂರಾ ಬಿಟ್ಟಿಲ್ಲ, ವರ್ಷಕ್ಕೊಮ್ಮೆ ಮಾಡ್ತೀವಿ.

ಡೇಟಾ ಬರ್ಲಾಕ ಸುರು ಆದ ಕೂಡ್ಲೇ ಕೇಳೋರು ಬಂದ್ರು. ಯಾದಗಿರಿ ಕಡೇಚೂರು ಸುತ್ತಿನವ್ರು ಫ್ಯಾಕ್ಟರಿಯಿಂದ ಕ್ಯಾನ್ಸರ್ ಹೆಚ್ಚಾಗ್ಯದೇನೋ ಅನ್ನೋ ಚಿಂತಿಯಿಂದ ಊರುವಾರು ಲೆಕ್ಕ ಕೊಡ್ರಿ ಅಂದ್ರು. ಅವ್ರ ಚಿಂತಿ ನನಗ ಅರ್ಥ ಆಗ್ತದ. ಆದ್ರ ಒಂದು ಸಣ್ಣ ಊರಾಗ ವರ್ಷಕ್ಕ ಎರಡು ಕೇಸ್ ಅಂದ್ರ ಯಾರ ಮನಿ ಅಂತ ಊರಿಗೆಲ್ಲ ಗೊತ್ತಾಗ್ತದ, ಮನ್ಯಾಗ ಮದುವಿ ವಯಸ್ಸಿನ ಹುಡುಗಿ ಇದ್ರ ಮುಗೀತು. ಮತ್ತ ಎರಡು ಮೂರು ಕೇಸಿನಿಂದ ಹೆಚ್ಚಾಗ್ಯದೋ ಇಲ್ಲೋ ಹೇಳ್ಲಾಕೂ ಬರಲ್ಲ. ಹಂಗಾಗಿ ಐದಕ್ಕಿಂತ ಕಡಿಮಿ ಇರೋ ಅಂಕಿ ಹೊರಗ ಕೊಡಲ್ಲ, ಕೊಡೋದೂ ತಾಲ್ಲೂಕು ಮಟ್ಟದ್ದು, ಐದು ವರ್ಷ ಕೂಡ್ಸಿ, ಅಂತ ಸುತ್ತೋಲೆಯಾಗೇ ಬರ್ದೀವಿ. ಇದನ್ನ ಬಾಯಿ ಮಾತಿನಾಗ ಇಟ್ಟಿದ್ರ ಯಾರದಾದ್ರೂ ಫೋನ್ ಬಂದಾಗ ನಾವು ಕೊಟ್ಟೇ ಬಿಡ್ತಿದ್ವಿ. ನಮ್ಮ ಆಸ್ಪತ್ರಿ ಮಾರ್ಕೆಟಿಂಗ್‌ನವ್ರೂ ಪೇಷಂಟ್ ನಂಬರ್ ಕೇಳಿದ್ರು, ಅವ್ರಿಗೆ ಅದೇ ಹಾಳಿ ತೋರ್ಸಿದೆ.

ದೊಡ್ಡ ತೂತು ಅಂದ್ರ ಗಡಿ ಆಚೆಗಿಂದು. ಬೀದರದವ್ರು ಹೈದರಾಬಾದಿಗೆ ಹೋಗ್ತಾರ, ಆಳಂದ, ಅಫಜಲಪುರದವ್ರು ಸೋಲಾಪುರ, ಬಾರ್ಶಿಗೆ, ಬೆಂಗಳೂರಿಗೆ ಹೋಗೋರು ಕಡಿಮಿ. ಕರ್ನಾಟಕದ ಆದೇಶ ಅಲ್ಲಿ ನಡಿಯಲ್ಲ, ಕ್ಯಾನ್ಸರ್ ನೋಟಿಫೈಯಬಲ್ ಅಂತ ದೇಶಕ್ಕೆಲ್ಲ ಕೂಡಿ ಒಂದೇ ಆದೇಶ ಇಲ್ಲ, ಸಂಸದೀಯ ಸಮಿತಿ 2022ರಾಗೇ ಮಾಡ್ರಿ ಅಂದಿತ್ತು. ಸೋಲಾಪುರ ಕಡೆ ಒಂದ್ ಆಸ್ಪತ್ರಿಯವ್ರು ಹೆಸರು ಕೊಡಲ್ಲ ಅಂದ್ರು. ಹೆಸರು ಬ್ಯಾಡ, ಪಿನ್‌ಕೋಡ್ 585ರಿಂದ ಸುರು ಆಗೋರ ವಯಸ್ಸು, ಲಿಂಗ, ಮೈಯಾಗ ಕ್ಯಾನ್ಸರ್ ಇರೋ ಜಾಗ, ತಾರೀಖು ಕೊಡ್ರಿ ಅಂದೆ. ನಮ್ಮ ಮೂರೂ ಜಿಲ್ಲಾದ ಪಿನ್ 585ರಿಂದಲೇ ಸುರು, ಫಿಲ್ಟರ್ ಹಾಕ್ಲಾಕ ಅವ್ರಿಗೆ ಐದ್ ನಿಮಿಷ. ಕೊಟ್ರು. ಹೆಸರಿಲ್ದೆ ಡೂಪ್ಲಿಕೇಟ್ ಹಿಡಿಯೋದು ತ್ರಾಸ ಅದ, ಆದ್ರೂ ಎಷ್ಟು ಜನ ನಮ್ಮ ಲೆಕ್ಕ ತಪ್ಪಿಸ್ಕೊಂಡು ಹೋಗ್ತಾರ ಅಂತ ಅಂದಾಜಂತೂ ಸಿಕ್ತು, ಆಳಂದ ಕಡೆ ಹತ್ರ ಹತ್ರ ಮೂರನೇ ಒಂದ್ ಪಾಲು.

ಈಗ ಅದೇ ಸುತ್ತೋಲೆ ಟೆಕ್ಸ್ಟಿಗೆ ಒಂದು ಕಲಂ ಕೂಡ್ಸಿ, ಬ್ಯಾರೆ ರಾಜ್ಯದ ರಿಜಿಸ್ಟ್ರಿ ಜೋಡಿ ಕೊಡೋದು ತಗೊಳ್ಳೋದು ಮಾಡ್ಲಾಕ ಬರಬೇಕು ಅಂತ, ರಾಜ್ಯದ ಆದೇಶಾನೇ ಅಪ್‌ಡೇಟ್ ಮಾಡ್ರಿ ಅಂತ ಮ್ಯಾಲ ಕಳ್ಸೀವಿ. ಡಿಪಿಡಿಪಿ ರೂಲ್ಸ್ 2025ರ ನವೆಂಬರ್‌ದಾಗ ಬಂದಾವ, ಮುಖ್ಯ ಜವಾಬ್ದಾರಿಗೆಲ್ಲ 18 ತಿಂಗಳು ಟೈಮ್ ಅದ, ಅದ್ರೊಳಗ ಆದ್ರ ಚಲೋ. ಹೈದರಾಬಾದ್ ಕಡೆದು ಇನ್ನೂ ಆಗಿಲ್ಲ, ಯಾರಾದ್ರೂ ಅಲ್ಲಿಂದ ತಂದಿದ್ರ ಹೆಂಗ ತಂದ್ರಿ ಹೇಳ್ರಿ. ಒಂದ್ ಪುಟದ ಫಾರ್ಮ್ ಮತ್ತ ಸುತ್ತೋಲೆ ಕರಡು ಬೇಕಾದವ್ರು ಕೇಳ್ರಿ, ಕೊಡ್ತೀನಿ. ಎಕ್ಸೆಲ್ ಕೀ ಮಾತ್ರ ಕೇಳಬ್ಯಾಡ್ರಿ.