ಹೊಸ ಲೇಔಟ್ ಬರುತ್ತಿದೆಯಾ? ನಿಮ್ಮ ರಸ್ತೆ ತಾಳುತ್ತಾ ಅಂತ ಮೊದಲೇ ಲೆಕ್ಕ ಹಾಕಿ

ಬಳ್ಳಾರಿಯಿಂದ ಸಿರುಗುಪ್ಪ ರಸ್ತೆ, ಹೊಸಪೇಟೆ ರಸ್ತೆ, ಮೋಕಾ ರಸ್ತೆ, ಯಾವ ಕಡೆ ಹೊರಟರೂ ಹೊಲದ ನಡುವೆ ಸೈಟಿನ ಕಲ್ಲು ಕಾಣುತ್ತವೆ. ಬರುವುದು ಲೇಔಟ್ ಇರಲಿ, ಕಲ್ಯಾಣ ಮಂಟಪ ಇರಲಿ, ದೊಡ್ಡ ಆಸ್ಪತ್ರೆ ಇರಲಿ, ಅಲ್ಲಿಗೆ ಓಡಾಡುವ ಜನ ಈಗಿರುವ ರಸ್ತೆಗೇ ಬಂದು ಸೇರಬೇಕು. ಕಟ್ಟಡ ಎದ್ದ ಮೇಲೆ ರಸ್ತೆ ಅಗಲ ಮಾಡೋಣ ಅಂದರೆ ಜಾಗ ಎಲ್ಲಿರುತ್ತದೆ? ಅದಕ್ಕೇ ಲೆಕ್ಕ ಪರವಾನಗಿಗೆ ಮೊದಲು ಆಗಬೇಕು. ಬಡಾವಣೆಯ ನಾಲ್ಕು ಜನ ಸೇರಿದರೆ ಮೊದಲ ಹಂತದ ಲೆಕ್ಕವನ್ನು ನೀವೇ ಮಾಡಬಹುದು.

ಮೊದಲು ನಕ್ಷೆ ಕೈಗೆ ಬರಲಿ. ಬುಡಾದಲ್ಲಿ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಪಾಲಿಕೆಯಲ್ಲಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ನಕ್ಷೆಯಲ್ಲಿ ಸೈಟು ಎಷ್ಟು, ಗೇಟು ಎಲ್ಲಿ, ಪಾರ್ಕಿಂಗ್ ಎಷ್ಟು ಅಂತ ನೋಡಿ. ಗೇಟು ರಾಷ್ಟ್ರೀಯ ಹೆದ್ದಾರಿಗೆ ತೆರೆದುಕೊಳ್ಳುವುದಾದರೆ (ಸಿರುಗುಪ್ಪ ಕಡೆಗೆ 150ಎ ಇದೆ, ಹೊಸಪೇಟೆ ಕಡೆಗೆ 67) ಹೆದ್ದಾರಿಯವರ ಪ್ರತ್ಯೇಕ ಅನುಮತಿ ಬೇಕು. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಆ ಕಡತದಲ್ಲಿ ಟ್ರಾಫಿಕ್ ಬಗ್ಗೆ ಏನು ಬರೆದಿದ್ದಾರೆ ಅಂತ ತಪ್ಪದೆ ಓದಿ.

ಇನ್ನು ಎಣಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಎಣಿಸಬೇಡಿ. ಶಾಲೆಗೆ ರಜೆ, ಆ ಬಿಸಿಲಿಗೆ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ, ರಸ್ತೆ ಖಾಲಿ ಕಾಣುತ್ತದೆ, ಆ ಅಂಕಿ ಇಟ್ಟುಕೊಂಡು "ಏನೂ ತೊಂದರೆ ಇಲ್ಲ" ಅಂತ ವರದಿ ಬರೆಯುವುದು ಸುಲಭ. ಶಾಲೆ ನಡೆಯುವ ದಿನ ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 8 ಎಣಿಸಿ. ಸಿರುಗುಪ್ಪ ಕಡೆಯ ರಸ್ತೆಯಾದರೆ ಭತ್ತದ ಕೊಯ್ಲಿನ ಕಾಲದಲ್ಲೂ ಒಂದು ದಿನ ನಿಲ್ಲಿ. ಟ್ರ್ಯಾಕ್ಟರು, ಲಾರಿ, ಕೊಯ್ಲಿನ ಮಷೀನು ಒಟ್ಟಿಗೆ ಇಳಿದಾಗ ರಸ್ತೆಯ ಸ್ಥಿತಿ ಬೇರೆಯೇ ಇರುತ್ತದೆ. ಕಲ್ಯಾಣ ಮಂಟಪವಾದರೆ ಮುಹೂರ್ತದ ದಿನ, ಅದೂ ಊರಲ್ಲಿ ಈಗಾಗಲೇ ಇರುವ ಅಂಥದೇ ಮಂಟಪದ ಮುಂದೆ.

15 ನಿಮಿಷಕ್ಕೊಂದು ಸಾಲು ಮಾಡಿ ಗೀಟು ಹಾಕುತ್ತಾ ಹೋಗಿ. ಬೈಕು, ಆಟೊ, ಕಾರು, ಬಸ್ಸು, ಲಾರಿ ಬೇರೆ ಬೇರೆ. ಜೊತೆಗೆ ನಡೆದು ಹೋಗುವವರು, ಸೈಕಲ್ಲಿನವರು, ತಳ್ಳುಗಾಡಿ, ರಸ್ತೆ ದಾಟುವವರು, ಬಸ್ಸಿಗೆ ಕಾಯುತ್ತಾ ನಿಂತವರು, ಎಲ್ಲರನ್ನೂ ಬರೆಯಿರಿ. ಬರೀ ಗಾಡಿ ಎಣಿಸಿದರೆ ಅರ್ಧ ಊರನ್ನೇ ಬಿಟ್ಟಂತೆ. ಜೀನ್ಸ್ ಘಟಕಕ್ಕೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಡೆದೋ ಶೇರ್ ಆಟೊದಲ್ಲೋ ಹೋಗುತ್ತಾರೆ, ಕಾರಿನ ಪಟ್ಟಿಯಲ್ಲಿ ಅವರು ಸಿಗುವುದೇ ಇಲ್ಲ. ನನಗಂತೂ ಇಡೀ ಲೆಕ್ಕದಲ್ಲಿ ಇದೇ ಮುಖ್ಯ.

ಗಾಡಿಗಳನ್ನು ಒಂದೇ ಅಳತೆಗೆ ತರಲು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿ ಇದೆ. ಕಾರು ಅಂದರೆ 1. ನಮ್ಮಲ್ಲಿ ಬೈಕು, ಆಟೊ ಜಾಸ್ತಿ, ಹಾಗಾಗಿ ಬೈಕಿಗೆ 0.75, ಆಟೊಗೆ 2. ಬಸ್ಸು, ಲಾರಿ ಕಡಿಮೆ ಇದ್ದರೆ 2.2. ಉದಾಹರಣೆಗೆ, ಒಂದು ಗಂಟೆಯಲ್ಲಿ 600 ಬೈಕು, 150 ಆಟೊ, 100 ಕಾರು, 20 ಲಾರಿ-ಬಸ್ಸು ಹೋದವು ಅನ್ನಿ. ಗುಣಿಸಿದರೆ 450, 300, 100, 44, ಒಟ್ಟು 894. ಅಕ್ಕಪಕ್ಕ ಅಂಗಡಿ, ಪಾರ್ಕಿಂಗ್, ಅಡ್ಡರಸ್ತೆ ಎಲ್ಲ ಇರುವ ಎರಡು ಲೇನಿನ ರಸ್ತೆಗೆ ಅದೇ ಮಾರ್ಗಸೂಚಿ ಎರಡೂ ದಿಕ್ಕು ಸೇರಿ ಹೇಳುವ ಮಿತಿ ಇದೇ ಅಳತೆಯಲ್ಲಿ ಗಂಟೆಗೆ 900. ಅಂದರೆ ಹೊಸದು ಬರುವ ಮೊದಲೇ ರಸ್ತೆ ತುಂಬಿದೆ.

ಹೊಸದು ಎಷ್ಟು ಸೇರಿಸುತ್ತದೆ? ಅಂದಾಜು ಬೇಡ. ಹತ್ತಿರದಲ್ಲಿ ಮನೆ ತುಂಬಿರುವ ಹಳೇ ಲೇಔಟಿನ ಗೇಟಲ್ಲಿ ನಿಂತು ಹೊರಗೆ ಹೋಗುವವರು, ಒಳಗೆ ಬರುವವರು ಗಂಟೆಗೆ ಎಷ್ಟು ಎಣಿಸಿ, ಗಾಡಿಗಳನ್ನು ಅದೇ ಅಳತೆಗೆ ತಂದು ಮನೆಗಳ ಸಂಖ್ಯೆಯಿಂದ ಭಾಗಿಸಿ. ಅದನ್ನು ಹೊಸ ನಕ್ಷೆಯ ಸೈಟುಗಳಿಗೆ ಗುಣಿಸಿ, ಮೇಲಿನ ಲೆಕ್ಕಕ್ಕೆ ಕೂಡಿ. ಎಲ್ಲ ಸೈಟಿನಲ್ಲೂ ಮನೆ ಎದ್ದಾಗಿನ ಲೆಕ್ಕ ಬೇಕು, ಮೊದಲ ವರ್ಷದ್ದಲ್ಲ.

ಆಮೇಲೆ ಟೇಪು ಹಿಡಿದು ನಡೆಯಿರಿ. ಫುಟ್‌ಪಾತಿನಲ್ಲಿ ನಡೆಯಲು ತೆರವಾದ ಜಾಗ ಕನಿಷ್ಠ 1.8 ಮೀಟರ್ ಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಟ್ರಾನ್ಸ್‌ಫಾರ್ಮರ್, ಅಂಗಡಿ ಬೋರ್ಡು, ಮುಚ್ಚಳವಿಲ್ಲದ ಚರಂಡಿ ಎಲ್ಲಿವೆ ಅಂತ ಫೋಟೊ ಸಮೇತ ಬರೆದಿಡಿ. ದಾಟುವ ಜಾಗವನ್ನೂ ನೋಡಿ. ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಲೆಕ್ಕ ಹಿಡಿದರೂ 12 ಮೀಟರ್ ರಸ್ತೆಗೆ 10 ಸೆಕೆಂಡು ಬೇಕು, ಕೋಲು ಹಿಡಿದ ಅಜ್ಜಿಗೆ ಇನ್ನೂ ಹೆಚ್ಚು. ಗಾಡಿಗಳ ನಡುವೆ ಅಷ್ಟು ಬಿಡುವು ಸಿಗುತ್ತಾ? ಗಡಿಯಾರ ಹಿಡಿದು ನೋಡಿ. ಗಾಲಿಕುರ್ಚಿಯವರೊಬ್ಬರು ಜೊತೆಗೆ ಬಂದರೆ ನಿಮ್ಮ ಕಣ್ಣಿಗೆ ಬೀಳದ್ದನ್ನು ಅವರು ತೋರಿಸುತ್ತಾರೆ. ರಾತ್ರಿ ಒಮ್ಮೆ ಹೋಗಿ ಬೀದಿದೀಪ ನೋಡಿ. ದಾರಿಯಲ್ಲಿ ರೈಲ್ವೆ ಗೇಟಿದ್ದರೆ ಎಷ್ಟು ಹೊತ್ತು ಮುಚ್ಚಿರುತ್ತದೆ, ಸಾಲು ಎಲ್ಲಿವರೆಗೆ ನಿಲ್ಲುತ್ತದೆ ಅಂತ ಬರೆಯಿರಿ.

ಆಕ್ಷೇಪಣೆ ಬರೆಯುವಾಗ "ತೊಂದರೆ ಆಗುತ್ತದೆ" ಅಂತ ಬಿಟ್ಟರೆ ಸಾಲದು. ಗೇಟು ತಿರುವಿನಿಂದ ದೂರ ಸರಿಯಲಿ, ಪಾರ್ಕಿಂಗ್ ಒಳಗೇ ಇರಲಿ, ಇಷ್ಟು ಉದ್ದ ಫುಟ್‌ಪಾತ್ ಆಗಲಿ, ಕೆಕೆಆರ್‌ಟಿಸಿ ಬಸ್ಸು ನಿಲ್ಲಲು ಜಾಗ ಬಿಡಲಿ, ಹೀಗೆ ಒಂದೊಂದೇ ಕೇಳಿ. ಎಣಿಕೆ ಹಾಳೆ ಲಗತ್ತಿಸಿ. ಭೂಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದರೆ ಅದರಲ್ಲಿರುವ ಕೊನೆಯ ದಿನದೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಉತ್ತರಕ್ಕೆ ಲಿಖಿತ ಹಿಂಬರಹ ಕೇಳಿ. ಮೂಲ ಹಾಳೆಗಳು ನಿಮ್ಮ ಹತ್ತಿರವೇ ಇರಲಿ, ಅವರಿಗೆ ನಕಲು ಸಾಕು.